ತಕ್ಕಡಿಯಕ್ಕನ ತಿದ್ದುಪಡಿ

ಆ ಪುಸ್ತಕ ನೋಡಿದರೆ ಯಾರಿಗಾದರೂ ಗೌರವ ಬರಬೇಕು. ಗಟ್ಟಿ ರಟ್ಟಿನ ಹೊದಿಕೆ, ಪುಟಕ್ಕೆ ಇಪ್ಪತ್ತೈದು ಸಾಲು, ಸ್ಕೇಲಿಟ್ಟು ಎಳೆದ ಗೆರೆ. ಎಡಗಡೆ ತಾರೀಖು ಮತ್ತು ಹೊತ್ತು. ಆಮೇಲೆ ಪೆನ್ಸಿಲಿನಲ್ಲಿ ಸಣ್ಣಗೆ ಒಂದು ಅಂಕಿ. ಅದರ ಪಕ್ಕ ‘ತಿದ್ದುಪಡಿ’ ಎಂಬ ಕಾಲಂ. ಕೊನೆಗೆ ನೀಲಿ ಇಂಕಿನಲ್ಲಿ, ಮುತ್ತು ಪೋಣಿಸಿದ ಹಾಗೆ, ಆ ಹೊತ್ತಿನ ಸಕ್ಕರೆಯ ಅಂಕಿ. ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ.

ಸಕ್ಕರೆ ಕಾಯಿಲೆಯ ಡಾಕ್ಟರು ಪುಸ್ತಕವನ್ನು ಒಂದು ಕೈಯಲ್ಲಿ, ಲ್ಯಾಬಿನ ಚೀಟಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಎರಡನ್ನೂ ಬಹಳ ಹೊತ್ತು ನೋಡಿದರು.

“ತಕ್ಕಡಿಯಕ್ಕ, ಈ ಪುಸ್ತಕ ನಂಬಿದ್ರೆ ನಿಮ್ಮ ಸಕ್ಕರೆ ಹತೋಟಿಗೆ ಬಂದು ವರ್ಷ ಆಗಿರ್ಬೇಕು. ಈ ಚೀಟಿ ನಂಬಿದ್ರೆ ಮೂರು ತಿಂಗಳ ಸರಾಸರಿ ಒಂಬತ್ತು ಪಾಯಿಂಟ್ ನಾಲ್ಕು. ಏಳರ ಹತ್ರ ಇರ್ಬೇಕಾದ್ದು. ನಾನು ಯಾವುದನ್ನ ನಂಬ್ಲಿ?”

“ಲ್ಯಾಬಿನ ಮಷೀನಿಗೆ ಕೊನೇ ಸಲ ತಪಾಸಣೆ ಆಗಿದ್ದು ಯಾವಾಗ ಡಾಕ್ಟ್ರೇ?”

ಬೇರೆ ಯಾರಾದರೂ ಹೀಗೆ ಕೇಳಿದ್ದರೆ ಡಾಕ್ಟರು ನಕ್ಕುಬಿಡುತ್ತಿದ್ದರು. ಈಕೆಯ ಮುಂದೆ ನಗುವ ಹಾಗಿರಲಿಲ್ಲ. ತಕ್ಕಡಿ ರಿಪೇರಿ ಮತ್ತು ತಪಾಸಣೆಯಲ್ಲಿ ಮೂವತ್ತೊಂದು ವರ್ಷ ಸವೆಸಿದವಳು. ಆಕೆಯ ಮುದ್ರೆ ಬಿದ್ದ ತಕ್ಕಡಿ ಒಂದೂ ತಪ್ಪು ಎಂದು ವಾಪಸು ಬಂದದ್ದಿಲ್ಲ. ಎರಡು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ನರ್ಸಮ್ಮ “ತಕ್ಕಡಿ ಹತ್ತಿ” ಅಂದಾಗ ಆಕೆ ಹತ್ತುವ ಬದಲು ಮಂಡಿಯೂರಿ ಕೂತು, ನೆಲ ನೋಡಿ, ಮರುದಿನ ಅಂಗಡಿಯಿಂದ ಇಪ್ಪತ್ತು ಕಿಲೋದ ಎರಡು ತೂಕದ ಕಲ್ಲು ತರಿಸಿ ಇಟ್ಟು ತೋರಿಸಿದ್ದಳು. ತಕ್ಕಡಿ ಒಂದು ಕಿಲೋ ಎಂಟುನೂರು ಗ್ರಾಂ ಹೆಚ್ಚು ತೋರಿಸುತ್ತಿತ್ತು. ನರ್ಸುಗಳು ಚಪ್ಪಾಳೆ ತಟ್ಟಿದ್ದರು. ಆ ಗದ್ದಲದಲ್ಲಿ, ರಿಪೇರಿಯಾದ ಮೇಲೂ ತಕ್ಕಡಿಯಕ್ಕ ಅದನ್ನು ಹತ್ತಲಿಲ್ಲ ಎನ್ನುವುದು ಯಾರ ಗಮನಕ್ಕೂ ಬಂದಿರಲಿಲ್ಲ. ಆಕೆಯ ಫೈಲಿನಲ್ಲಿ ತೂಕದ ಜಾಗದಲ್ಲಿ ನಾಲ್ಕು ವರ್ಷದಿಂದ ಒಂದು ಅಡ್ಡಗೆರೆ ಮಾತ್ರ ಇತ್ತು.

“ಲ್ಯಾಬಿನ ಮಷೀನು ಸರಿಯಾಗಿದೆ,” ಡಾಕ್ಟರು ಮೂರನೆಯ ಹಾಳೆಯೊಂದನ್ನು ಮುಂದಿಟ್ಟರು. “ಇದು ಕಣ್ಣಿನ ಡಾಕ್ಟರು ಬರೆದಿರೋದು. ಎಡಗಣ್ಣಿನ ರೆಟಿನಾದಲ್ಲಿ ಎರಡು ರಕ್ತದ ಚುಕ್ಕೆ. ಈಗ ನಿಮಗೆ ಗೊತ್ತಾಗ್ತಿಲ್ಲ. ಸಕ್ಕರೆ ಹೀಗೇ ಇದ್ರೆ ಎರಡು ಮೂರು ವರ್ಷದಲ್ಲಿ ಸಣ್ಣ ಗೆರೆ ಓದೋದು ಕಷ್ಟ ಆಗ್ಬಹುದು.”

ತಕ್ಕಡಿಯಕ್ಕ ಆ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಔಷಧಿ ಅಂಗಡಿಯ ಸಣ್ಣ ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಅತ್ತಿತ್ತ ಆದರೂ ಅದನ್ನು ಬರಿಗಣ್ಣಿನಲ್ಲಿ ಹಿಡಿಯುವವಳು ಆಕೆ. ಆ ಕಣ್ಣು ಹೋದರೆ ಉಳಿಯುವುದು ಒಂದು ಹೆಸರುಫಲಕ, ಒಂದು ಪೆಟ್ಟಿಗೆ ಸ್ಪ್ಯಾನರು.

“ಊಟ ತಿಂಡಿ ವಿಷಯ ನಾನು ಇನ್ನು ಮಾತಾಡಲ್ಲ, ಹೇಳಿ ಹೇಳಿ ನನಗೂ ಸಾಕಾಗಿದೆ, ನಿಮಗೂ ಸಾಕಾಗಿದೆ. ಪುಸ್ತಕ ತಗೊಂಡು ಮಾತಿನ ಮೇಡಂ ಹತ್ರ ಹೋಗಿ,” ಅಂದರು ಡಾಕ್ಟರು.

ಮಾತಿನ ಮೇಡಂ ಎಂದರೆ ಆಸ್ಪತ್ರೆಯ ಆಪ್ತಸಲಹೆಗಾರ್ತಿ. ಕಾರಿಡಾರಿನ ಕೊನೆಯ ಕೋಣೆ. ಎರಡು ಕುರ್ಚಿ, ಒಂದು ಕಿಟಕಿ, ಹತ್ತು ನಿಮಿಷ ಮುಂದೆ ಓಡುತ್ತಿದ್ದ ಒಂದು ಗಡಿಯಾರ. ತಕ್ಕಡಿಯಕ್ಕ ಕೂರುವ ಮುಂಚೆಯೇ ಹೇಳಿದಳು, “ಊಟದ ಪಟ್ಟಿ ಕೊಡೋದಾದ್ರೆ ಬೇಡ ಮೇಡಂ. ಆಗಲೇ ನಾಲ್ಕಿವೆ. ಒಂದನ್ನ ಮಡಚಿ ಮೇಜಿನ ಕಾಲಿನ ಕೆಳಗೆ ಇಟ್ಟಿದೀನಿ, ಅಲುಗಾಡ್ತಿತ್ತು.”

“ಪಟ್ಟಿ ಇಲ್ಲ. ಈ ಪುಸ್ತಕ ನನಗೆ ಅರ್ಥ ಆಗ್ಲಿಲ್ಲ ಅಕ್ಕ. ಸ್ವಲ್ಪ ಹೇಳಿಕೊಡಿ.”

ಹೇಳಿಕೊಡಿ ಎಂದು ಈವರೆಗೆ ಯಾರೂ ಕೇಳಿರಲಿಲ್ಲ. ತಕ್ಕಡಿಯಕ್ಕ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. ಪೆನ್ಸಿಲಿನದು, ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಮೀಟರು ತೋರಿಸಿದ ಮೂಲ ಅಂಕಿ. ಯಾವ ಉಪಕರಣವೂ ಪೂರ್ತಿ ಸರಿ ಇರುವುದಿಲ್ಲ, ಅದರ ದೋಷ ಕಂಡುಹಿಡಿದು ಕಳೆಯಬೇಕು. ಒಂದು ಸಲ ಒಂದೇ ಹೊತ್ತಿನಲ್ಲಿ ಲ್ಯಾಬಿಗೂ ರಕ್ತ ಕೊಟ್ಟು ಮೀಟರಿನಲ್ಲೂ ನೋಡಿದಾಗ ಮೀಟರು ಹನ್ನೆರಡು ಹೆಚ್ಚು ತೋರಿಸಿತ್ತು. ಅಲ್ಲಿಂದ ಶುರು. ಆಕೆ ಕೊನೆಯ ಪುಟ ತೆರೆದಳು. ಅಲ್ಲಿ ಚೌಕಾಕಾರದ ಕೋಷ್ಟಕವೊಂದಿತ್ತು. ಮೀಟರಿನ ದೋಷಕ್ಕೆ ಹನ್ನೆರಡು ಕಳೆ. ಸ್ಟ್ರಿಪ್ಪಿನ ಡಬ್ಬ ತೆರೆದು ತಿಂಗಳಾಗಿದ್ದರೆ ಹದಿನೈದು ಕಳೆ. ಬೆರಳು ತಣ್ಣಗಿದ್ದರೆ ಹತ್ತು. ನಿದ್ದೆಗೆಟ್ಟಿದ್ದರೆ ಇಪ್ಪತ್ತು. ಮನಸ್ಸು ಕೆಟ್ಟಿದ್ದರೆ ಇಪ್ಪತ್ತೈದು.

ಮೇಡಂ ಕೋಷ್ಟಕದ ಮೇಲೆ ಬೆರಳಾಡಿಸುತ್ತ ಹೋದರು. “ಕೂಡಿಸೋದು ಒಂದೂ ಇಲ್ವಾ ಅಕ್ಕ?”

“ಅಂದ್ರೆ?”

“ಎಲ್ಲಾ ಕಳೆಯೋದೇ ಇದೆ. ಒಂದಾದ್ರೂ ಕೂಡಿಸೋ ತಿದ್ದುಪಡಿ ಇರ್ಬೇಕಲ್ವಾ? ನನಗೆ ಗೊತ್ತಿಲ್ಲ, ಕೇಳ್ತಿದೀನಿ.”

ತಕ್ಕಡಿಯಕ್ಕ ಕೋಷ್ಟಕವನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ಓದಿದಳು. ವ್ಯಾಪಾರಿಯ ತಕ್ಕಡಿ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತೋರಿಸಿದರೆ ಅದು ಧೂಳು, ಸವೆತ, ಸಡಿಲವಾದ ತಿರುಪು. ಯಾವಾಗಲೂ ವ್ಯಾಪಾರಿಗೇ ಲಾಭವಾಗುವಂತೆ ತಪ್ಪುತ್ತಿದ್ದರೆ ಆಕೆ ತಕ್ಕಡಿಯನ್ನು ನೋಡುತ್ತಲೇ ಇರಲಿಲ್ಲ, ವ್ಯಾಪಾರಿಯ ಹೆಬ್ಬೆರಳು ಎಲ್ಲಿದೆ ಎಂದು ನೋಡುತ್ತಿದ್ದಳು. ಸ್ಕ್ರೂಡ್ರೈವರಿನಿಂದ ಗಲ್ಲಾಪೆಟ್ಟಿಗೆ ಕುಟ್ಟುತ್ತ ಎಷ್ಟು ಜನರಿಗೆ ಹೇಳಿದ್ದಳು ಇದನ್ನು: “ಎರಡೂ ಕಡೆ ತಪ್ಪಿದ್ರೆ ಮುಳ್ಳಿನ ತಪ್ಪು ಸ್ವಾಮಿ. ಒಂದೇ ಕಡೆ ತಪ್ಪಿದ್ರೆ ನಿಮ್ಮದು.”

ಈಗ ತನ್ನ ಪುಸ್ತಕದಲ್ಲೇ ಹೆಬ್ಬೆರಳಿನ ಗುರುತು ಕಾಣುತ್ತಿತ್ತು.

“ಈ ಕೊನೇದು, ಮನಸ್ಸು ಕೆಟ್ಟಿದ್ರೆ ಇಪ್ಪತ್ತೈದು. ಇದು ನಿಮಗೆ ಯಾರು ಹೇಳಿದ್ರು?” ಎಂದರು ಮೇಡಂ.

“ಯಾರು ಹೇಳ್ತಾರೆ? ನೋಡಿ ನೋಡಿ ಗೊತ್ತಾಯ್ತು. ಯಾರಾದ್ರೂ ಏನಾದ್ರೂ ಅಂದ ದಿನ ಅಂಕಿ ಏರಿರುತ್ತೆ.”

“ಅದು ಮೀಟರಿನ ದೋಷ ಅಲ್ಲ ಅಕ್ಕ. ಆವತ್ತು ರಕ್ತದಲ್ಲಿ ಸಕ್ಕರೆ ನಿಜವಾಗ್ಲೂ ಏರಿರುತ್ತೆ. ಜೀವ ಹಿಂಡಿದ ಹಾಗಾದಾಗ ಮೈ ತಾನೇ ಒಂದಿಷ್ಟು ಸಕ್ಕರೆ ರಕ್ತಕ್ಕೆ ಬಿಡುತ್ತೆ. ಅದರ ಮೇಲೆ…”

“ಅದರ ಮೇಲೆ ನಾನು ತಿಂದಿರ್ತೀನಿ,” ತಕ್ಕಡಿಯಕ್ಕನೇ ಪೂರ್ತಿ ಮಾಡಿದಳು.

“ನಾನು ಪುಸ್ತಕ ಓದಿ ಕಲಿತಿದ್ದನ್ನ ನೀವು ಅಳೆದು ಕಂಡುಹಿಡಿದಿದ್ದೀರಿ. ಕಂಡುಹಿಡಿದು ಕಳೆದುಬಿಟ್ಟಿದ್ದೀರಿ, ಅಷ್ಟೇ.” ಮೇಡಂ ಕ್ಯಾಲ್ಕುಲೇಟರ್ ಮುಂದೆ ತಳ್ಳಿದರು. “ಪೆನ್ಸಿಲಿನ ಅಂಕಿ ಮಾತ್ರ ಕೂಡ್ಸಿ. ಮೂರು ತಿಂಗಳದ್ದು.”

ಹದಿನೈದು ನಿಮಿಷ ಹಿಡಿಯಿತು. ಅಂಕಿಗಳನ್ನು ಎರಡು ಸಲ ಕೂಡಿಸದೆ ಒಪ್ಪುವ ಜಾತಿಯಲ್ಲ ತಕ್ಕಡಿಯಕ್ಕ. ಸರಾಸರಿ ಇನ್ನೂರ ಇಪ್ಪತ್ತೊಂದು ಬಂತು.

“ಲ್ಯಾಬಿನ ಒಂಬತ್ತು ಪಾಯಿಂಟ್ ನಾಲ್ಕನ್ನ ಈ ಲೆಕ್ಕಕ್ಕೆ ತಂದ್ರೆ ಸುಮಾರು ಇನ್ನೂರ ಇಪ್ಪತ್ತಮೂರು,” ಅಂದರು ಮೇಡಂ. “ಎರಡೇ ಅಂಕಿ ವ್ಯತ್ಯಾಸ. ನಿಮ್ಮ ಮೀಟರೂ ಸರಿಯಾಗಿದೆ, ನಿಮ್ಮ ಕೈಯೂ ಸರಿಯಾಗಿದೆ. ಇಷ್ಟು ಸರಿಯಾಗಿ ಅಳೆದ ಪೇಷಂಟನ್ನ ನಾನು ನೋಡಿಲ್ಲ.”

ನಾಚಿಕೆಯಿಂದ ತಲೆ ತಗ್ಗಬೇಕಾಗಿದ್ದ ಹೊತ್ತಿನಲ್ಲಿ ತಕ್ಕಡಿಯಕ್ಕನ ಎದೆ ಉಬ್ಬಿತು. ಎರಡೇ ಅಂಕಿ!

“ಪೆನ್ಸಿಲಿನದನ್ನ ಅಳಿಸ್ಲಿಲ್ಲ ಯಾಕೆ ಮತ್ತೆ? ಅಳಿಸಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ.”

“ಮೂಲ ಅಂಕಿ ಅಳಿಸೋದಾ?” ಆಕೆಗೆ ಸಿಟ್ಟೇ ಬಂತು. “ನಮ್ಮಪ್ಪ ಕೈ ಮುರೀತಿದ್ರು!”

ಹಾಗೆ ಅಪ್ಪನ ಮಾತು ಬಂತು. ಅಂಗಡಿ ಅಪ್ಪನದು. ಮೂಟೆ ತೂಗುವ ದೊಡ್ಡ ತಕ್ಕಡಿಗೆ ಮೂಲೆ ಪರೀಕ್ಷೆ ಅಂತ ಒಂದಿದೆ: ಒಂದೇ ಭಾರವನ್ನು ನಾಲ್ಕು ಮೂಲೆಯಲ್ಲೂ ಇಟ್ಟು ನೋಡಬೇಕು, ನಾಲ್ಕರಲ್ಲೂ ಒಂದೇ ಅಂಕಿ ಬರಬೇಕು. ಭಾರ ಎಷ್ಟೆಂದು ಗೊತ್ತಿರಬೇಕಾಗಿಲ್ಲ, ಬದಲಾಗದಿದ್ದರೆ ಸಾಕು. ಅಪ್ಪ ಕಲ್ಲು ಹೊರುವ ಬದಲು ಮಗಳನ್ನು ನಿಲ್ಲಿಸುತ್ತಿದ್ದರು. “ನಮ್ಮ ಪುಟ್ಟಿನೇ ನಮ್ಮ ತೂಕದ ಕಲ್ಲು” ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಿದ್ದರು. ಅವಳಿಗೂ ಜಂಬವೇ. ಹನ್ನೊಂದನೆಯ ವಯಸ್ಸಿನಲ್ಲಿ ಒಂದು ದಿನ ಧಾನ್ಯದ ವ್ಯಾಪಾರಿಯೊಬ್ಬ, “ಇವಳಿಗೆ ಇನ್ನೊಂದು ತಿಂಗಳು ಊಟ ಹಾಕಿ, ಮೂಟೆ ತರೋದೇ ಬೇಡ” ಅಂದ. ಅಂಗಡಿ ತುಂಬ ನಗು. ಅಪ್ಪನೂ ನಕ್ಕರು. ಅವಳು ಇಳಿದು ಹಿಂದಿನ ಕೋಣೆಗೆ ಹೋಗಿ, ಅಲ್ಲಿದ್ದ ಬನ್ನುಗಳನ್ನು ಒಂದಾದ ಮೇಲೊಂದು, ರುಚಿಯೂ ಗೊತ್ತಾಗದೆ, ಮುಗಿಸಿದಳು. ಆಮೇಲೆ ಸಾವಿರಾರು ತಕ್ಕಡಿ ಬಿಚ್ಚಿ ಜೋಡಿಸಿದ್ದಾಳೆ, ಒಂದರ ಮೇಲೂ ಕಾಲಿಟ್ಟಿಲ್ಲ.

“ಅಪ್ಪ ನಕ್ಕಿದ್ದು ಕೆಟ್ಟದ್ದಕ್ಕಲ್ಲ,” ಅಂದಳು.

“ಅಲ್ಲದಿರಬಹುದು. ನಿಮಗೆ ನೋವಾಗಿದ್ದೂ ಸುಳ್ಳಲ್ಲ,” ಅಂದರು ಮೇಡಂ. ಆಮೇಲೆ ಪೆನ್ನು ಕೊಟ್ಟು ಒಂದೇ ಒಂದು ಕೆಲಸ ಹೇಳಿದರು. ‘ತಿದ್ದುಪಡಿ’ ಎಂಬ ತಲೆಬರಹ ಹೊಡೆದುಹಾಕಿ, ಅದರ ಜಾಗದಲ್ಲಿ ‘ಅದಕ್ಕೆ ಮುಂಚೆ ಏನಾಯಿತು’ ಎಂದು ಬರೆಯಬೇಕು. ಕಳೆಯುವ ಹಾಗಿಲ್ಲ.

ಪುಸ್ತಕ ವಾಪಸು ಬಂದಾಗ ಡಾಕ್ಟರು ಪೆನ್ಸಿಲಿನ ಕಾಲಂ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು. “ಇಷ್ಟು ದಿನ ನೀಲಿ ಅಂಕಿ ನೋಡ್ಕೊಂಡು ಮಾತ್ರೆ ಬರೆದ್ನಲ್ಲಕ್ಕ!” ಎನ್ನುತ್ತ ಅವತ್ತೇ ಮಾತ್ರೆ ಬದಲಾಯಿಸಿದರು.

ಒಂದೇ ಕಡೆಗೆ ಬೀಳುವ ತಪ್ಪಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಬಿಡುವುದಿಲ್ಲ. ಸಂಜೆ ಮನೆಗೆ ಬಂದು ಕೆಲಸದ ಕೋಟು ಬಿಚ್ಚುವಾಗ ತಕ್ಕಡಿಯಕ್ಕನಿಗೆ ಪಕ್ಕದ ಹೊಲಿಗೆ ಕೈಗೆ ತಾಗಿತು. ಆ ಕೋಟಿಗೆ ಹನ್ನೊಂದು ವರ್ಷ. ಹನ್ನೊಂದು ವರ್ಷದಿಂದ ಒಂದು ದಿನವೂ ಬಿಗಿಯಾಗದ ಕೋಟು. ಒಳಮಗ್ಗುಲು ತಿರುವಿ ಕಿಟಕಿಯ ಬೆಳಕಿಗೆ ಹಿಡಿದಳು. ಹಳೆಯ ಸೂಜಿ ತೂತುಗಳ ಸಾಲು, ಒಂದರ ಪಕ್ಕ ಒಂದು, ಸ್ಕೇಲಿನ ಗೆರೆಗಳ ಹಾಗೆ.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ.

“ರೀ, ಇಲ್ಲಿ ಬನ್ನಿ.”

“ಗುಂಡಿ ಹೊಲೀತಿದೀನಿ ಕಣೇ.”

“ಗುಂಡಿ ಎಲ್ಲೂ ಓಡಿಹೋಗಲ್ಲ, ಬನ್ನಿ.”

ದರ್ಜಿ ಬಂದ. ಕೋಟು ಕಂಡವನೇ ಕನ್ನಡಕ ತೆಗೆದು ಒರೆಸತೊಡಗಿದ.

“ಇದೇನು?”

“ಸೂಜಿ ತೂತು.”

“ಎಷ್ಟು ಸಾಲು?”

“ಏಳು.”

“ಯಾವ ಕಡೆಗೆ ಹೋಗಿವೆ?”

“ಹೊರಗಡೆಗೆ,” ಅಂದ ದರ್ಜಿ, ಕಟಕಟೆಯಲ್ಲಿ ನಿಂತವನ ಹಾಗೆ. “ಬರೋರಿಗೆಲ್ಲ ಸೊಂಟದ ಅಳತೆ ಬೀದಿಗೆ ಕೇಳೋ ಹಾಗೆ ಕೂಗಿ ಹೇಳ್ತೀನಿ. ನಿನಗೆ ಹೇಳೋಕೆ ಬಾಯಿ ಬರ್ಲಿಲ್ಲ ಕಣೇ. ಬಟ್ಟೆ ಬಿಗಿ ಆದ ದಿನ ನೀನು ಕನ್ನಡಿ ಮುಂದೆ ನಿಂತು, ಮುಖ ಸಣ್ಣಗೆ ಮಾಡ್ಕೊಂಡು, ಸೀದಾ ಅಡುಗೆಮನೆಗೆ ಹೋಗ್ತಿದ್ದೆ. ಆಮೇಲೆ ಎರಡು ದಿನ ಮಾತೇ ಇಲ್ಲ. ಅದಕ್ಕೇ ನೀನು ಬೇರೆ ಕೋಟು ಹಾಕ್ಕೊಂಡು ಹೋದ ದಿನ ಇದನ್ನ ಚೂರು ಬಿಚ್ಚಿ, ಮುಂದಿನ ವಾರ ಅದನ್ನ ಚೂರು ಬಿಚ್ಚಿ…”

“ಒಳಗೆ ಇನ್ನೂ ಎಷ್ಟು ಬಟ್ಟೆ ಇದೆ?”

“ಕಾಲು ಇಂಚು. ಇನ್ನೊಂದು ಸಲಕ್ಕೆ ಆಗಲ್ಲ. ಒಂದು ತಿಂಗಳಿಂದ ನನಗೆ ಅದೇ ಚಿಂತೆ.”

ಅವನ ಮುಖದಲ್ಲಿ ನಿಜವಾದ ಚಿಂತೆಯೇ ಇತ್ತು. ತಕ್ಕಡಿಯಕ್ಕನಿಗೆ ಮೊದಲು ಅಳು ಬಂತು, ಅದು ಗಂಟಲಿಗೆ ಬರುವಷ್ಟರಲ್ಲಿ ನಗುವಾಯಿತು. “ಪೇಟೆಗೆಲ್ಲ ಸರಿಯಾಗಿ ಅಳೆದುಕೊಡೋರು ಇಬ್ಬರೇ ಅಂತಾರೆ ಜನ. ಇಬ್ಬರೂ ಒಂದೇ ಮನೆಯ ಕಳ್ಳರು!” ಎಂದು ತನ್ನ ಪುಸ್ತಕದ ಕೊನೆಯ ಪುಟ ಅವನಿಗೆ ತೋರಿಸಿದಳು. ದರ್ಜಿ ಕೋಷ್ಟಕ ಓದಿ, “ಬೆರಳು ತಣ್ಣಗಿದ್ದರೆ ಹತ್ತಾ? ನನ್ನ ಅರ್ಧ ಇಂಚೇ ವಾಸಿ,” ಅಂದ.

“ಟೇಪ್ ತನ್ನಿ. ಅಂಗಡೀಲಿ ಕೂಗೋ ಹಾಗೇ ಕೂಗ್ಬೇಕು.”

ಅವನು ಅಳೆದ. ಮೊದಲು ಟೇಪಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಅಂದ. ಆಕೆ ಗದರಿದ ಮೇಲೆ, “ಸೊಂಟ ನಲವತ್ತಾರೂವರೆ!” ಎಂದು ಕೂಗಿದ. ಆಕಾಶವೇನೂ ಬೀಳಲಿಲ್ಲ. ಮರುದಿನ ಬೆಳಿಗ್ಗೆ ತನ್ನ ಅಂಗಡಿಯ ಬಾಗಿಲು ಪೂರ್ತಿ ತೆರೆಯುವ ಮುಂಚೆ ಆಕೆ ಚಪ್ಪಲಿ ಬಿಟ್ಟು, ತಾನೇ ಮುದ್ರೆಯೊತ್ತಿದ ತಕ್ಕಡಿಯ ಮೇಲೆ ನಿಂತಳು. ನೂರಾ ಮೂರು ಕಿಲೋ ಇನ್ನೂರು ಗ್ರಾಂ. ಪೆನ್ಸಿಲಿನಲ್ಲಿ ಬರೆದುಕೊಂಡಳು.

ಹೊಸ ಕಾಲಂ ತುಂಬತೊಡಗಿತು. ‘ಅಂಗಡಿಯವನು ಕುರ್ಚಿ ಹುಷಾರು ಅಂದ.’ ‘ಮೂರನೇ ಮಹಡಿ. ನಾನು ಮೆಟ್ಟಿಲು ಹತ್ತಿ ಬರುವುದನ್ನು ಎಲ್ಲರೂ ನೋಡುತ್ತ ನಿಂತಿದ್ದರು.’ ‘ಏನೂ ಆಗಲಿಲ್ಲ, ಸುಮ್ಮನೆ ತಿಂದೆ.’ ಎರಡು ತಿಂಗಳಾದ ಮೇಲೆ, ಲೆಕ್ಕ ಹಾಕಿ ಅಭ್ಯಾಸವಾದವಳು, ಇನ್ನೊಂದು ವಿಷಯ ಅಳೆದಳು. ಚುಚ್ಚುಮಾತು ಬಿದ್ದದ್ದಕ್ಕೂ, ಎರಡು ಕಿಲೋದ ಕಲ್ಲುಗಳ ಹಿಂದೆ ಬಚ್ಚಿಟ್ಟ ಬಿಸ್ಕತ್ತಿನ ಡಬ್ಬಕ್ಕೆ ಕೈ ಹೋಗುವುದಕ್ಕೂ ನಡುವೆ ಎಷ್ಟು ಹೊತ್ತು? ಒಂಬತ್ತು ಸಲ ಗಡಿಯಾರ ನೋಡಿ ಬರೆದಳು. ಸರಾಸರಿ ಹನ್ನೊಂದು ನಿಮಿಷ.

ಇಷ್ಟು ವರ್ಷ ಅದು ಮಿಂಚಿನ ಹಾಗೆ, ತನ್ನ ಕೈಯಲ್ಲಿಲ್ಲದ ಹಾಗೆ ಆಗಿಬಿಡುತ್ತದೆ ಎಂದುಕೊಂಡಿದ್ದಳು. ಹನ್ನೊಂದು ನಿಮಿಷ! ಹನ್ನೊಂದು ನಿಮಿಷದಲ್ಲಿ ಒಂದು ಸಣ್ಣ ತಕ್ಕಡಿ ಬಿಚ್ಚಿ ಒರೆಸಿ ಇಡಬಹುದು. ಮನೆಗೆ ನಡೆದು ಹೋಗಬಹುದು. ಹಾಗೇ ಮಾಡತೊಡಗಿದಳು. ದರ್ಜಿಯ ಮುಂದೆ ನಿಂತು ಆದದ್ದನ್ನು ಆದ ಹಾಗೆ ಹೇಳುವುದು. ಅವನ ಬಾಯಲ್ಲಿ ಯಾವಾಗಲೂ ಗುಂಡುಪಿನ್ನುಗಳಿರುತ್ತಿದ್ದವು. ಬುದ್ಧಿವಾದ ಹೇಳಲು ಆಗುತ್ತಿರಲಿಲ್ಲ, “ಹ್ಞೂಂ” ಎನ್ನಬಹುದಿತ್ತು, ಅಷ್ಟೇ. ಅದಕ್ಕಿಂತ ಒಳ್ಳೆಯ ಕೇಳುಗ ಸಿಗುವುದು ಕಷ್ಟ.

ಎಲ್ಲ ದಿನವೂ ಗೆಲ್ಲಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಒಂದು ಇಡೀ ವಾರ ಡಬ್ಬವೇ ಗೆದ್ದಿತು. ಅದನ್ನೂ ಬರೆದಳು. ಒಂಬತ್ತು ಪಾಯಿಂಟ್ ನಾಲ್ಕು ಇದ್ದದ್ದು ಎಂಟೂಕಾಲಿನ ಹತ್ತಿರ ಬಂತು, ಆಮೇಲೆ ಏಳೂವರೆ, ಒಂಬತ್ತು ತಿಂಗಳಿಗೆ ಏಳು ಪಾಯಿಂಟ್ ಒಂದು. ತೂಕ ತೊಂಬತ್ತಾರು ಕಿಲೋ ನಾನೂರು ಗ್ರಾಂ. ನೋಡಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ, ಕೂದಲೆಳೆಯ ವ್ಯತ್ಯಾಸ ಕಾಣಲು ಎಲ್ಲರಿಗೂ ಬರುವುದಿಲ್ಲವಲ್ಲ. ಕಣ್ಣಿನ ಡಾಕ್ಟರು ಮಾತ್ರ ಬಹಳ ಹೊತ್ತು ಬೆಳಕು ಬಿಟ್ಟು ನೋಡಿ, “ಹೊಸ ಚುಕ್ಕೆ ಇಲ್ಲ. ಹಳೇದರಲ್ಲಿ ಒಂದು ಮಾಸ್ತಾ ಇದೆ,” ಅಂದರು.

ಅದೇ ವಾರ ಆಸ್ಪತ್ರೆಗೆ ಹೊಸ ತಕ್ಕಡಿ ಬಂತು. ಗಾಲಿಕುರ್ಚಿಯ ಸಮೇತ ತೂಗುವ ಅಗಲವಾದ ತಕ್ಕಡಿ, ಮುನ್ನೂರು ಕಿಲೋದ್ದು. ತಕ್ಕಡಿಯಕ್ಕ ಅದನ್ನು ಉಗ್ರಾಣದಲ್ಲೇ ಪೂರ್ತಿ ಪರೀಕ್ಷಿಸಿದ್ದಳು. ಮರುದಿನ ಅದನ್ನು ರೋಗಿಗಳು ಕಾಯುವ ಹಾಲಿಗೆ ತಂದಿಟ್ಟರು. ಜಾಗ ಬದಲಾದರೆ ಮೂಲೆ ಪರೀಕ್ಷೆ ಮತ್ತೆ ಆಗಬೇಕು. ಆದರೆ ದೊಡ್ಡ ಕಲ್ಲುಗಳೆಲ್ಲ ಅಂದು ಬೆಳಿಗ್ಗೆಯೇ ವಾರ್ಷಿಕ ತಪಾಸಣೆಗೆ ಹೋಗಿಬಿಟ್ಟಿದ್ದವು.

“ಇನ್ನೊಂದು ವಾರ ಕಾಯ್ಬೇಕಾ ಹಾಗಾದ್ರೆ?” ಎಂದರು ಡಾಕ್ಟರು.

ತಕ್ಕಡಿಯಕ್ಕ ಹಾಲನ್ನು ನೋಡಿದಳು. ಬೆಂಚುಗಳ ತುಂಬ ಜನ. ಮೈ ತುಂಬಿದವರು ಗೋಡೆಯ ಕಡೆ ಕೂತಿದ್ದರು, ಹೆಸರು ಕೂಗಿದರೂ ಕೇಳಿಸದವರ ಹಾಗೆ. ಆ ಕೂರುವ ಭಂಗಿ ಆಕೆಗೆ ಚೆನ್ನಾಗಿ ಗೊತ್ತು.

“ಇದಕ್ಕೆ ಮೂಲೆಗೆ ನೂರು ಕಿಲೋದ ಆಸುಪಾಸು ಭಾರ ಸಾಕು. ಇದೆ ನನ್ನ ಹತ್ರ,” ಅಂದಳು. ಕೋಟಿನ ಜೇಬಿನಿಂದ ಸ್ಪ್ಯಾನರು, ಪೆನ್ನು, ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. ಚಪ್ಪಲಿ ಬಿಟ್ಟಳು. “ಬರ್ಕೊಳ್ಳಿ ಮೇಡಂ,” ಎಂದು ಫಾರಂ ಅನ್ನು ಪಕ್ಕದಲ್ಲಿ ನಿಂತಿದ್ದ ಮಾತಿನ ಮೇಡಂ ಕೈಗೆ ಕೊಟ್ಟು ಮೊದಲ ಮೂಲೆಯ ಮೇಲೆ ನಿಂತಳು.

“ಅಕ್ಕಾ, ಹುಷಾರು, ಹೊಸ ತಕ್ಕಡಿ!” ಬಾಗಿಲ ಬಳಿಯಿಂದ ಯಾರೋ ಕೂಗಿದರು. ಹಾಲಿನಲ್ಲಿ ನಗು ಎದ್ದಿತು.

ಅದೇ ನಗು. ಹನ್ನೊಂದು ನಿಮಿಷ ಶುರುವಾಯಿತು ಎಂದು ಆಕೆ ಗೋಡೆಯ ಗಡಿಯಾರ ನೋಡಿಕೊಂಡಳು.

“ಹುಷಾರಾಗಿರ್ಬೇಕಾದ್ದು ತಕ್ಕಡಿ ಕಣಪ್ಪ, ನಾನಲ್ಲ. ಪರೀಕ್ಷೆ ಅದಕ್ಕೆ ನಡೀತಿರೋದು!” ಅಂದಳು. ಆಮೇಲೆ ಗಂಡ ಅಂಗಡಿಯಲ್ಲಿ ಕೂಗುವ ಹಾಗೆ, “ತೊಂಬತ್ತಾರು ಕಿಲೋ ನಾನೂರು!”

ಎರಡನೆಯ ಮೂಲೆ. “ತೊಂಬತ್ತಾರು ನಾನೂರು!” ಮೂರನೆಯದು, ಅದೇ. ನಾಲ್ಕನೆಯದರಲ್ಲಿ ನಿಂತು ಹುಬ್ಬು ಗಂಟಿಕ್ಕಿದಳು. “ತೊಂಬತ್ತೈದು ಒಂಬೈನೂರು.”

“ಅಲ್ಲೇ ನಿಂತ್ಕೊಳ್ಳಿ ಅಕ್ಕ, ಅರ್ಧ ಕಿಲೋ ಉಳೀತು!” ಗೋಡೆಯ ಕಡೆ ಕೂತಿದ್ದ ದಪ್ಪ ಹೆಂಗಸೊಬ್ಬಳು ಅಂದಳು. ಈ ಸಲದ ನಗುವಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ತಕ್ಕಡಿಯಕ್ಕ.

ಇಳಿದು ಮಂಡಿಯೂರಿದಳು. ಆ ಮೂಲೆಯ ಕಾಲಿನ ಪಕ್ಕದಲ್ಲಿ ಗಾಜಿನ ಪುಟ್ಟ ಬಟ್ಟಲು, ಅದರೊಳಗೆ ಕಡಲೆಕಾಳಿನಷ್ಟು ಗಾಳಿಗುಳ್ಳೆ. ಅದು ವೃತ್ತದ ಗೆರೆಯಿಂದ ಎಷ್ಟು ಸರಿದಿದೆ ಎಂದು ಬೇರೆಯವರು ಭೂತಗನ್ನಡಿ ಹಿಡಿದು ನೋಡಬೇಕಿತ್ತು. ಆಕೆ ಬಲಗಣ್ಣು ಮುಚ್ಚಿ, ಎಡಗಣ್ಣಿನಲ್ಲೇ ನೋಡಿದಳು. ಕಂಡಿತು, ಕೂದಲೆಳೆಯಷ್ಟು. ಸ್ಪ್ಯಾನರಿನಿಂದ ಕಾಲನ್ನು ಕಾಲುಸುತ್ತು ತಿರುಗಿಸಿದಳು, ಗುಳ್ಳೆ ನಡುವೆ ಬಂದು ಕೂತಿತು. ಸ್ಪ್ಯಾನರು ಕೆಳಗಿಟ್ಟು ಮತ್ತೆ ಹತ್ತಿದಳು. ನಾಲ್ಕು ಮೂಲೆ, ನಾಲ್ಕು ಸಲವೂ ತೊಂಬತ್ತಾರು ನಾನೂರು. ನಾಲ್ಕು ಸಲವೂ ಕೂಗಿದಳು.

ಇಳಿದು ಬರುವಾಗ ಹೊಸ ಕೋಟಿನ ತೋಳು ಸರಿಮಾಡಿಕೊಂಡಳು. ಹಳೆಯದನ್ನು ಬಿಚ್ಚದೆ, ಹೊಸ ಬಟ್ಟೆ ಕತ್ತರಿಸಿ, ಟೇಪು ಹಿಡಿದ ಅಳತೆಗೇ ದರ್ಜಿ ಹೊಲಿದದ್ದು. “ಒಳಗೆ ಅರ್ಧ ಇಂಚು ಬಿಡ್ಲಾ?” ಎಂದು ಕೇಳಿದ್ದ. “ಬಿಡಿ. ಆದ್ರೆ ಹೆಚ್ಚಾದ್ರೂ ಹೇಳ್ಬೇಕು, ಕಡಿಮೆ ಆದ್ರೂ ಹೇಳ್ಬೇಕು,” ಅಂದಿದ್ದಳು.

ಫಾರಂ ವಾಪಸು ತೆಗೆದುಕೊಂಡು ಉಳಿದದ್ದನ್ನು ಭರ್ತಿ ಮಾಡುವಾಗ ‘ಬಳಸಿದ ಭಾರ’ ಎನ್ನುವ ಕಡೆ ಆಕೆಯ ಪೆನ್ನು ಒಂದು ಕ್ಷಣ ನಿಂತಿತು. ಅಪ್ಪ ಇದ್ದಿದ್ದರೆ ಏನು ಬರೆಯುತ್ತಿದ್ದರೋ. ಮುತ್ತು ಪೋಣಿಸಿದ ಹಾಗೆ, ನೀಲಿ ಇಂಕಿನಲ್ಲಿ ಬರೆದಳು: ‘ತಪಾಸಣೆ ಮಾಡಿದವಳು, 96.4 ಕಿಲೋ.’ ಕೆಳಗಿನ ಸಾಲಿನಲ್ಲಿ ‘ತಿದ್ದುಪಡಿ’ ಎಂದಿತ್ತು. ‘ಇಲ್ಲ’ ಎಂದು ಬರೆದು, ಮುದ್ರೆಯೊತ್ತಿದಳು.

ತಲೆ ಎತ್ತಿದಾಗ ಗೋಡೆಯ ಕಡೆ ಕೂತಿದ್ದ ಆ ಹೆಂಗಸು, ಯಾರೂ ಹೆಸರು ಕೂಗದಿದ್ದರೂ, ಚಪ್ಪಲಿ ಬಿಡುತ್ತಿದ್ದಳು.